ಹೊಸ ಮೂತಿ

ಜಗತ್ತಿನ ಮೂರ್ಖರ ಗೋದಾಮು ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ, ಅವಳು ಬಣ್ಣ ಮೆತ್ತಿದ ಬೆರಳನ್ನು ಎದುರಿನ ಟೀ ಅಂಗಡಿಯತ್ತ ಚಾಚುತ್ತಿದ್ದಳು. ಅಲ್ಲಿ ಪಿಕಪ್ ಮಾಲೀಕರ ಸಭೆ. ಮುಂದೆ ಬರಲಿರುವ ಮಾಡೆಲ್‌ನ ಮೂತಿ ಹೇಗಿರುತ್ತದೋ ಎಂಬ ಚಿಂತೆಯಲ್ಲಿ ಅವರು ಒಂದು ಸಮುದ್ರದಷ್ಟು ಟೀ ಬತ್ತಿಸಿದ್ದರು. ಹೆಂಡತಿ ಕೂದಲು ಕತ್ತರಿಸಿಕೊಂಡರೂ ಗಮನಿಸದ ಗಂಡಸರು, ಬಂಪರ್ ಅರ್ಧ ಇಂಚು ತಗ್ಗುತ್ತದಂತೆ ಎಂಬ ಗಾಳಿಸುದ್ದಿಗೆ ಊಟ ಬಿಡುತ್ತಿದ್ದರು. ಅವರ ನಾಯಕ ಗ್ರಿಲ್ ಗುರು.

ಅವಳು ಅಣ್ಣನ ಗ್ಯಾರೇಜಿನ ಪೇಂಟರ್. ಅವಳು ಬಣ್ಣ ಹೊಡೆದ ಬಾನೆಟ್‌ನಲ್ಲಿ ಸೂರ್ಯನೇ ಇಳಿದು ಬಂದು ಕ್ರಾಪು ಸರಿಮಾಡಿಕೊಳ್ಳುತ್ತಿದ್ದ. ಸುಳ್ಳೆನ್ನುವವರು ಕಣ್ಣು ತೋರಿಸಿಕೊಳ್ಳಲಿ.

ಆ ಸಭೆಯಲ್ಲೊಬ್ಬ ಮೌನಿ, ನರ್ಸರಿಯ ಗಿಡ ಸಾಗಿಸುವವ. ಅವನ ಪಿಕಪ್ ಪದೇ ಪದೇ ಮೂತಿ ಜಜ್ಜಿಕೊಂಡು ಅವಳ ಬಳಿ ಬರುತ್ತಿತ್ತು. ಅವನು ಬಣ್ಣದ ಡಬ್ಬದ ಮೇಲೆ ಕೂರುತ್ತಿದ್ದ. ಅವನ ನೋಟ ಅವಳ ಕಿವಿಯವರೆಗೆ ಬಂದು, ಹೆದರಿ, ಬಂಪರಿಗೆ ಜಾರುತ್ತಿತ್ತು. ಆ ಜಾರುವ ನೋಟಕ್ಕೇ ಅವಳು ಮನಸ್ಸು ಕೊಟ್ಟು ಕೂತಿದ್ದಳು.

ಅಂದು ಬೆಳಿಗ್ಗೆ ಅಣ್ಣ, ಬಿಡಿಭಾಗದ ಅಂಗಡಿಯವರ ಮನೆಯಿಂದ ಸಂಬಂಧ ಬಂದಿದೆ, ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳು ಎಂದಿದ್ದ. ಅಷ್ಟರಲ್ಲಿ ಗ್ರಿಲ್ ಗುರು ಫೋನು ಹಿಡಿದು ಓಡಿಬಂದ. ಹೊಸ ಮಾಡೆಲ್‌ನ ರಹಸ್ಯ ಫೋಟೋವಂತೆ, ಕಂಪನಿಯವರು ಗಾಡಿಯ ಮುಖ ಮುಚ್ಚಿ ಪರೀಕ್ಷೆಗೆ ಓಡಿಸುತ್ತಿರುವುದಂತೆ.

ಅವಳು ನೋಡಿದಳು. ಹಳೇ ಪೇಪರು, ಟೇಪು. ಬಣ್ಣ ಹೊಡೆಯುವ ಮುನ್ನ ತಾನೇ ಮುಚ್ಚಿದ್ದ ಮೌನಿಯ ಪಿಕಪ್! ತನ್ನ ಹಲ್ಲಿನ ಗುರುತೂ ಟೇಪಿನ ತುದಿಯಲ್ಲಿತ್ತು.

"ಹೆಡ್‌ಲೈಟ್ ಎಷ್ಟು ಸಣ್ಣಗಾಗಿದೆ ನೋಡಮ್ಮ," ಎಂದ ಗುರು. ಅರ್ಧ ಹೆಡ್‌ಲೈಟನ್ನು ಟೇಪು ನುಂಗಿತ್ತು. ಮೌನಿ ಏನಂದ ಎಂದು ಕೇಳಿದಳು. ಅವನೂ ಹೊಸ ಮಾಡೆಲ್ಲೇ ಅಂದನಂತೆ.

ಅವಳ ಎದೆ ಪಂಕ್ಚರ್ ಆಯಿತು. ಸ್ವಂತ ಗಾಡಿಯ ಗುರುತು ಹತ್ತದವನಿಗೆ ಹೆಣ್ಣಿನ ಮನಸ್ಸು ಗುರುತು ಹತ್ತೀತೇ? ಅಣ್ಣನಿಗೆ ಹೂಂ ಎಂದುಬಿಡುವುದೇ ಸರಿ.

ಮಧ್ಯಾಹ್ನ ಗಾಡಿ ಒಯ್ಯಲು ಬಂದವನ ಮುಂದೆ ಕೀಲಿ ಎಸೆದಳು. "ನಿಮ್ಮ ಗಾಡೀನೇ ನಿಮ್ಗೆ ಗೊತ್ತಾಗಲ್ಲ. ಕಣ್ಣು ಯಾಕ್ರೀ ಇಟ್ಕೊಂಡಿದೀರಿ?"

ಅವನು ಫೋನು ಚಾಚಿದ. ಅದೇ ಫೋಟೋ, ಪೂರ್ತಿ. ಗಾಡಿ ಒಂದು ಮೂಲೆಯಲ್ಲಿತ್ತು. ಉಳಿದದ್ದೆಲ್ಲ ಅವಳೇ, ಹಲ್ಲಲ್ಲಿ ಟೇಪು, ಹಣೆಯ ಮೇಲೆ ಧೂಳು.

"ಏನ್ ಫೋಟೋ ತೆಗ್ದೆ ತೋರ್ಸು ಅಂತ ಅವ್ರು ಫೋನಿಗೇ ಕೈ ಹಾಕಿದ್ರು. ನಿಮ್ಮನ್ನ ಆ ಬಾಯಿಗಳಿಗೆ ಕೊಡೋಕೆ ಮನಸ್ಸಾಗ್ಲಿಲ್ಲ. ಫೋಟೋದಿಂದ ನಿಮ್ಮನ್ನ ಕತ್ತರಿಸಿ ಮಿಕ್ಕಿದ್ದು ಅವ್ರಿಗೆ ಕಳಿಸ್ದೆ. ಹೊಸ ಮಾಡೆಲ್ಲಾ ಅಂದ್ರು. ಹೂಂ ಅಂದೆ."

"ಕೇಳ್ದೆ ಫೋಟೋ ತೆಗೆಯೋದು ಯಾವ ಸೀಮೆ ಮರ್ಯಾದೆ?"

"ತಪ್ಪಾಯ್ತು. ಅಳಿಸ್ತೀನಿ." ಬೆರಳು ಮಾತ್ರ ಅಲ್ಲಾಡಲಿಲ್ಲ.

"ಗಾಡಿ ಮೂತಿ ಅಷ್ಟೊಂದು ಸಲ ಯಾಕೆ ಜಜ್ಜುತ್ತೆ?"

ಈ ಬಾರಿ ಅವನ ನೋಟ ಬಂಪರಿಗೆ ಜಾರಲಿಲ್ಲ. "ನರ್ಸರಿ ಗೇಟಿನ ಕಂಬ. ಪಾಪ, ಅದು ನಿಂತಲ್ಲೇ ನಿಂತಿರುತ್ತೆ. ನಾನೇ ಹೋಗಿ ಗುದ್ತೀನಿ."

ಅವಳು ನಕ್ಕ ರಭಸಕ್ಕೆ ಗ್ಯಾರೇಜಿನ ತಗಡು ಹಾರಿಹೋಗದಿದ್ದುದೇ ಪುಣ್ಯ. ಒಳಗೆ ತಿರುಗಿ, "ಅಣ್ಣಾ, ಅಂಗಡಿಯವರಿಗೆ ಬೇಡ ಅಂದ್ಬಿಡು," ಎಂದಳು. ಆಮೇಲೆ ಇವನಿಗೆ: "ಅದನ್ನ ಅಳಿಸಿ. ಮುಖ ತೊಳ್ಕೊಂಡ್ ಬರ್ತೀನಿ, ಕೇಳಿ ತೆಗೀರಿ."

ಸಂಜೆ ಇಬ್ಬರೂ ಆ ಪಿಕಪ್ಪಿನಲ್ಲೇ ಟೀ ಅಂಗಡಿಯ ಮುಂದೆ ಹಾದುಹೋದರು. ಗ್ರಿಲ್ ಗುರು ತಲೆಯೆತ್ತಿ ಒಮ್ಮೆ ನೋಡಿದ. "ಥೂ, ಹಳೇ ಮೂತಿ," ಎಂದು ಮತ್ತೆ ಫೋಟೋದಲ್ಲಿ ಮುಳುಗಿದ.