ಸೊಟ್ಟ ಬನ್ನು

"ಏಯ್ ಮರಿ, ಬ್ರೆಡ್ಡು ಏನು ಬಾಗಿಲಾ, ತಟ್ಟೋಕೆ?"

ಅಂಗಡಿಯವನ ಮಾತು ಕೇಳಿ ಗಿಣಿ ಕೈಯಲ್ಲಿದ್ದ ಪ್ಯಾಕೆಟ್ಟನ್ನು ಪೆಚ್ಚಾಗಿ ವಾಪಸ್ಸಿಟ್ಟಳು. ಅದನ್ನು ತಲೆಕೆಳಗು ಮಾಡಿ, ಬೆರಳ ಗೆಣ್ಣಿನಿಂದ ತಳ ತಟ್ಟಿ, ಕಿವಿಗೆ ಹಿಡಿದು ಕೇಳುತ್ತಿದ್ದಳು. ಸದ್ದೇನೂ ಬಂದಿರಲಿಲ್ಲ.

"ಬೆಂದಿದೆಯಾ ಅಂತ ನೋಡ್ತಿದ್ದೆ ಅಂಕಲ್."

"ಬೇಯದೆ ಅದಾಗಿ ಅದೇ ಪ್ಯಾಕೆಟ್ಟೊಳಗೆ ಬಂದು ಕೂತ್ಕೊಳ್ಳುತ್ತಾ? ಬೇಕಾದ್ರೆ ತಗೋ, ಇಲ್ಲಾಂದ್ರೆ ದಾರಿ ಬಿಡು."

ಗಿಣಿ ದಾರಿ ಬಿಟ್ಟಳು. ಈ ಊರಿಗೆ ಬಂದ ಮೇಲೆ ಅವಳು ಹೀಗೆ ಬೈಸಿಕೊಂಡಿದ್ದು ಮೊದಲ ಸಲವೇನಲ್ಲ. ಸ್ಕೂಲು ಬಿಟ್ಟ ಮೇಲೆ ದಿನಕ್ಕೊಂದು ಬೀದಿ ಹಿಡಿದು ಅಂಗಡಿ ಹುಡುಕುತ್ತಿದ್ದಳು. ಎಲ್ಲಿ ನೋಡಿದರೂ ಅದೇ ಪ್ಯಾಕೆಟ್ಟು, ಅದೇ ಬ್ರೆಡ್ಡು. ಬಾಯಿಗಿಟ್ಟರೆ ರಬ್ಬರು.

ಅವಳಿಗೆ ಬೇಕಾಗಿದ್ದು ಸೊಟ್ಟ ಬನ್ನು.

ಹಳೆಯ ಊರಿನಲ್ಲಿ ಅಪ್ಪನದೇ ಬೇಕರಿ ಇತ್ತು. ಮುಂದೆ ಅಂಗಡಿ, ನಡುವೆ ಒಲೆ, ಹಿಂದೆ ಮನೆ. ಗಿಣಿಯನ್ನು ಎಬ್ಬಿಸುತ್ತಿದ್ದುದು ಅಮ್ಮನೂ ಅಲ್ಲ, ಗಡಿಯಾರವೂ ಅಲ್ಲ, ಬನ್ನಿನ ವಾಸನೆ. ಟ್ರೇಯ ಮೂಲೆಯಲ್ಲಿರುವ ಬನ್ನು ಪಕ್ಕದವುಗಳ ಜೊತೆ ನೂಕಾಡಿ ಯಾವಾಗಲೂ ಸೊಟ್ಟಗಾಗುತ್ತಿತ್ತು. ಅಪ್ಪ ಅದನ್ನು ಎತ್ತಿ, ತಳ ತಟ್ಟಿ, ಅವಳ ಕಿವಿಗೆ ಹಿಡಿಯುತ್ತಿದ್ದ.

"ಏನು ಸದ್ದು?"

"ಖಾಲಿ ಡಬ್ಬ."

"ಹಾಗಾದ್ರೆ ಬೆಂದಿದೆ. ತಲೆದಿಂಬಿನ ಥರ ಸದ್ದು ಬಂದ್ರೆ ಇನ್ನೂ ಬೇಯ್ಬೇಕು. ತಗೋ, ಸೊಟ್ಟ ಬನ್ನನ್ನ ಮಾರೋಕಾಗಲ್ಲ, ಮಗಳಿಗಾಗುತ್ತೆ."

ಆಮೇಲೆ ಅಪ್ಪನಿಗೆ ಕೆಮ್ಮು ಹಿಡಿಯಿತು. ಮೆಟ್ಟಿಲು ಹತ್ತಿದರೆ ಕೆಮ್ಮು, ನಕ್ಕರೆ ಕೆಮ್ಮು. ಇಷ್ಟು ವರ್ಷ ಮೂಗಿನೊಳಗೆ ಹೋದ ಹಿಟ್ಟಿನ ಧೂಳೇ ಇದಕ್ಕೆ ಕಾರಣ, ಇನ್ನು ಹಿಟ್ಟಿನ ಹತ್ತಿರವೂ ಸುಳಿಯಬೇಡಿ ಎಂದರು ಡಾಕ್ಟರು. ಅಪ್ಪ ಕೇಳಲಿಲ್ಲ. ಅಮ್ಮ ಅತ್ತಾಗ ಕೇಳಿದ. ಬೇಕರಿ ಬೇರೆಯವರ ಪಾಲಾಯಿತು. ಮಾವ ಈ ಊರಿನಲ್ಲಿ ಅಪ್ಪನಿಗೊಂದು ಕೆಲಸ ನೋಡಿಕೊಟ್ಟ. ದೊಡ್ಡ ಕಟ್ಟಡವೊಂದರ ಪಾರ್ಕಿಂಗ್‌ನಲ್ಲಿ ಕಾರುಗಳಿಗೆ ಟೋಕನ್ ಕೊಡುವ ಕೆಲಸ.

ಅಷ್ಟು ಮಾಡಿದರೂ ಕೆಮ್ಮು ಹೋಗಲಿಲ್ಲ. ಅಮ್ಮ ಬಟ್ಟೆ ಮಡಿಸುತ್ತಾ ಹೇಳುತ್ತಿದ್ದಳು, "ಊರು ಬಿಟ್ವಿ, ಅಂಗಡಿ ಬಿಟ್ವಿ. ಈ ಹಾಳು ಕೆಮ್ಮು ಮಾತ್ರ ನಮ್ ಜೊತೇಲೇ ಲಾರಿ ಹತ್ತಿ ಬಂತು. ಅದರ ಮೇಲೆ ದಿನಾ ಸಂಜೆ ಓವರ್‌ಟೈಮ್ ಬೇರೆ." ಅಪ್ಪ ಈಗ ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ. ಮನೆಯಲ್ಲೆಲ್ಲ ಗಿಣಿಯದೇ ಮಾತು. ಸದಾ ವಟಗುಟ್ಟುತ್ತಾಳೆಂದೇ ಅವಳಿಗೆ ಗಿಣಿ ಎಂಬ ಹೆಸರು ಬಿದ್ದದ್ದು.

ಒಂದು ಸೊಟ್ಟ ಬನ್ನು ಸಿಕ್ಕಿಬಿಟ್ಟರೆ ಅಪ್ಪ ಮೊದಲಿನ ಹಾಗಾಗುತ್ತಾನೆ ಎಂದು ಅವಳಿಗೆ ಯಾಕೋ ಅನಿಸಿಬಿಟ್ಟಿತ್ತು.

ಅಂಗಡಿಯವನ ಹತ್ತಿರ ಬೈಸಿಕೊಂಡ ಸಂಜೆ ಅವಳು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಗೆ ತಿರುಗಿದಳು. ಟೈರ್ ಅಂಗಡಿ, ಬೀಗ ರಿಪೇರಿ, ಮುಚ್ಚಿದ ಸ್ಟುಡಿಯೊ. ಅದರಾಚೆ ವಾಸನೆ ಬಂತು. ಗಿಣಿಯ ಕಾಲು ತಾನಾಗಿಯೇ ಓಡಿತು.

ಚಿಕ್ಕ ಬೇಕರಿ. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ದಪ್ಪನೆಯ ಹೆಂಗಸೊಬ್ಬಳು ಗಲ್ಲಾದ ಹಿಂದೆ ಕೂತಿದ್ದಳು. ಗಾಜಿನೊಳಗೆ ದುಂಡುದುಂಡಗಿನ ಬನ್ನುಗಳು. ಮೂಲೆಯಲ್ಲೊಂದು ಸೊಟ್ಟಗಿತ್ತು.

"ಆಂಟಿ, ಅದು ಕೊಡಿ."

"ಅದು ಬೇಡ ಕಣಮ್ಮ, ಮೂತಿ ಸೊಟ್ಟಗಿದೆ. ಚೆನ್ನಾಗಿರೋದು ತಗೋ."

"ನಂಗೆ ಸೊಟ್ಟದ್ದೇ ಬೇಕು."

ಕೈಗೆ ಬಂದದ್ದೇ ತಡ, ಗಿಣಿ ಅದನ್ನು ತಿರುಗಿಸಿ ತಳ ತಟ್ಟಿದಳು. ಖಾಲಿ ಡಬ್ಬ. ಕಚ್ಚಿದಳು. ಮೇಲೆ ತೆಳ್ಳಗೆ ಗರಿಗರಿ, ಒಳಗೆ ಮೆತ್ತಗೆ, ಕೊನೆಗೆ ನಾಲಿಗೆಯ ತುದಿಯಲ್ಲಿ ಒಂಚೂರು ಉಪ್ಪು. ಅದೇ ರುಚಿ. ಕಣ್ಣಲ್ಲಿ ನೀರು ಬಂತು, ಆದರೂ ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ.

ಬೇಕರಿಯಾಕೆ ನಗುತ್ತಿದ್ದಳು. "ನೀನೂ ತಟ್ಟಿ ನೋಡ್ತೀಯಾ? ನಮ್ಮಲ್ಲಿಗೆ ಬರೋ ಒಬ್ರು ಹೀಗೇ ಮಾಡ್ತಾರೆ. ಮೊದಲು ಸುಮ್ನೆ ಒಲೆ ಹತ್ರ ನಿಂತ್ಕೊಂಡು ನೋಡೋರು. ಆಮೇಲೆ ಹಿಟ್ಟು ನಾದಿಕೊಡ್ಲಾ ಅಂತ ಕೇಳಿದ್ರು. ಈಗ ದಿನಾ ಸಂಜೆ ಬಂದು ನಾಳೆಗೆ ಬೇಕಾದ ಹಿಟ್ಟೆಲ್ಲ ಅವರೇ ನಾದಿಟ್ಟು ಹೋಗ್ತಾರೆ. ದುಡ್ಡು ಕೊಟ್ರೆ ಮುಟ್ಟಲ್ಲ. ಏನು ಕೈ ಅಂತೀಯಾ. ಈ ಬನ್ನೂ ಅವರ ಕೈದೇ."

ಗಿಣಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಪಾಪ, ಮೂಗಿಗೆ ಟವಲ್ ಕಟ್ಕೊಂಡೇ ನಾದ್ತಾರೆ. ಆದ್ರೂ ಕೆಮ್ಮು ಬಂದ್ರೆ ಗೋಡೆ ಹಿಡ್ಕೊಂಡುಬಿಡ್ತಾರೆ. ಬೇಡ ಬಿಡಿ ಅಣ್ಣ ಅಂದ್ರೂ ಕೇಳಲ್ಲ."

ಅಮ್ಮ ಓವರ್‌ಟೈಮ್ ಎಂದುಕೊಂಡಿದ್ದು ಇದು. ಲಾರಿ ಹತ್ತಿ ಬಂದ ಕೆಮ್ಮು ಬಿಡದಿದ್ದುದೂ ಇದರಿಂದಲೇ. ಗಿಣಿ ಬಾಯಲ್ಲಿದ್ದುದನ್ನು ನುಂಗಿದಳು. ಇಷ್ಟು ಹುಡುಕಿ ಸಿಕ್ಕಿದ ಬನ್ನು ಈಗ ಬೇಡವೆನಿಸಿತು. ಆದರೂ ಉಳಿದಿದ್ದನ್ನೆಲ್ಲ ತಿಂದಳು. ಅಪ್ಪ ಮಾಡಿದ್ದನ್ನು ಬಿಸಾಡುವುದು ಹೇಗೆ?

ಅಷ್ಟರಲ್ಲಿ ಅಪ್ಪ ಬಂದ. ಪಾರ್ಕಿಂಗ್‌ನ ನೀಲಿ ಶರ್ಟಿನಲ್ಲೇ ಇದ್ದ, ಹೆಗಲ ಮೇಲೆ ಟವಲ್ಲಿತ್ತು. ಅವಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗನ ಮುಖ ಹೇಗಿರುತ್ತದೋ ಅವನದೂ ಹಾಗೇ ಆಗಿತ್ತು.

"ನೀನೇನೇ ಇಲ್ಲಿ?"

"ನೀನೇನಪ್ಪ ಇಲ್ಲಿ?"

ಬೇಕರಿಯಾಕೆ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿ ಸುಮ್ಮನೆ ಟ್ರೇ ಒರೆಸತೊಡಗಿದಳು. "ಇವತ್ತು ನಾನೇ ನಾದ್ಕೋತೀನಿ ಅಣ್ಣ, ಮಗೂನ ಮನೆಗೆ ಕರ್ಕೊಂಡು ಹೋಗಿ," ಎಂದಳು.

ಟೈರ್ ಅಂಗಡಿ ದಾಟಿದರು. ಅಪ್ಪ ಮೆಲ್ಲಗೆ ಹೇಳಿದ, "ಟೋಕನ್ ಹರಿದು ಕೊಡೋದು ಕೈಗೊಂದು ಕೆಲ್ಸಾನೇ ಅಲ್ಲ ಕಣೇ. ಸಂಜೆ ಆದ್ರೆ ಕೈ ಸುಮ್ನಿರಲ್ಲ. ಹಿಟ್ಟು ಮುಟ್ಟಿದ್ರೆ ಒಂಥರಾ ಸಮಾಧಾನ." ಇನ್ನೂ ಏನೋ ಹೇಳುವುದರಲ್ಲಿದ್ದ, ಕೆಮ್ಮು ಬಂತು. ಕಂಬ ಹಿಡಿದು ಬಗ್ಗಿ ನಿಂತ. ಗಿಣಿ ಅವನ ಬೆನ್ನು ಸವರಿದಳು. ಶರ್ಟಿನೊಳಗೆ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಅವಳಿಗೆ ತುಂಬ ಭಯವಾಯಿತು.

ಕೆಮ್ಮು ನಿಂತ ಮೇಲೆ ಅಪ್ಪ ಕಣ್ಣೊರೆಸಿಕೊಂಡು ಕೇಳಿದ, "ಬನ್ನು ತಿಂದ್ಯಾ?"

"ಹೂಂ."

"ಹೇಗಿತ್ತು?"

ಅವನ ಕಣ್ಣು ಹೊಳೆಯುತ್ತಿತ್ತು. ಈ ಊರಿಗೆ ಬಂದ ಮೇಲೆ ಗಿಣಿ ಅಂಥ ಹೊಳಪನ್ನು ನೋಡಿಯೇ ಇರಲಿಲ್ಲ. ಅದೇ ರುಚಿ ಅಪ್ಪ, ಒಂಚೂರೂ ವ್ಯತ್ಯಾಸ ಇಲ್ಲ. ಹಾಗೆಂದು ಹೇಳಲು ಬಾಯಿ ತೆರೆದಳು. ಹೇಳಿದರೆ ನಾಳೆಯೂ ಅವನು ಇಲ್ಲಿಗೇ ಬರುತ್ತಾನೆ. ನಾಡಿದ್ದೂ ಬರುತ್ತಾನೆ.

"ಪರವಾಗಿಲ್ಲ," ಎಂದಳು. "ನಮ್ ಬೇಕರಿ ಬನ್ನಿನ ಥರ ಇಲ್ಲ. ನಂಗೀಗ ಪ್ಯಾಕೆಟ್ ಬ್ರೆಡ್ಡೇ ಅಭ್ಯಾಸ ಆಗೋಗಿದೆ."

ಅಪ್ಪ ಅವಳನ್ನೇ ನೋಡಿದ. ಗಿಣಿ ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡಳು. ಅವಳ ಗಲ್ಲಕ್ಕೆ ಬನ್ನಿನ ಚೂರೊಂದು ಅಂಟಿಕೊಂಡಿತ್ತು. ಅಪ್ಪ ಅದನ್ನು ಬೆರಳಿನಿಂದ ತೆಗೆದು ತನ್ನ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

"ಹೌದು," ಎಂದ. "ಅದರ ಥರ ಇಲ್ಲ."

ಹೆಗಲ ಮೇಲಿದ್ದ ಟವಲನ್ನು ಮಡಿಸಿ ಅವಳ ಸ್ಕೂಲ್ ಬ್ಯಾಗಿನೊಳಗೆ ಇಟ್ಟ.

ಮರುದಿನದಿಂದ ಅಪ್ಪ ಸಂಜೆ ಬೇಗ ಮನೆಗೆ ಬರತೊಡಗಿದ. ಓವರ್‌ಟೈಮ್ ಇಲ್ಲವಾ ಎಂದು ಅಮ್ಮ ಕೇಳಿದಳು. ನಿಂತುಹೋಯ್ತು ಎಂದ. ಅವನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದ. ಕೆಮ್ಮು ಕಡಿಮೆಯಾಯಿತು, ಮಾತು ಹೆಚ್ಚಾಗಲಿಲ್ಲ. ಬೆಳಿಗ್ಗೆ ಪ್ಯಾಕೆಟ್ ಬ್ರೆಡ್ಡನ್ನು ಅವಳು ಅಂಚೂ ಬಿಡದೆ ತಿನ್ನುತ್ತಿದ್ದಳು. ಅಪ್ಪ ನೋಡುತ್ತಿದ್ದಾನೆ ಎಂದು ಗೊತ್ತಾದರೆ ಇನ್ನೊಂದು ತುಂಡು ಕೇಳುತ್ತಿದ್ದಳು. ಮನೆಯಲ್ಲಿ ಏನಿದ್ದರೂ ಒದರಿಬಿಡುವ ಗಿಣಿ ಇದೊಂದನ್ನು ಮಾತ್ರ ಅಮ್ಮನಿಗೆ ಹೇಳಲಿಲ್ಲ.

ಭಾನುವಾರ ಮಾವನ ಮನೆಗೆ ಹೊರಟರು. ಬಸ್‌ಸ್ಟ್ಯಾಂಡಿನ ತಿರುವು ಇನ್ನೂ ದೂರವಿದ್ದಾಗಲೇ ವಾಸನೆ ಬಂತು. ಅಪ್ಪನ ಹೆಜ್ಜೆ ನಿಧಾನವಾಯಿತು. ಗಿಣಿ ಅವನ ಕೈ ಹಿಡಿದುಕೊಂಡಳು.

"ಈ ಕಡೆಯಿಂದ ಹೋಗೋಣ ಅಪ್ಪ."

"ಅದು ಸುತ್ತು ಕಣೇ," ಎಂದಳು ಅಮ್ಮ. "ಬಸ್ಸು ತಪ್ಪಿಹೋಗುತ್ತೆ."

ಅಪ್ಪ ಒಂದು ಗಳಿಗೆ ಬೇಕರಿಯ ಬೀದಿಯ ಕಡೆ ನೋಡಿದ.

"ಸುತ್ತಾದ್ರೂ ಪರವಾಗಿಲ್ಲ," ಎಂದ. "ಮಗಳು ಹೇಳ್ತಿದ್ದಾಳಲ್ಲ, ನಡಿ."