ಅಳಿಸಿದ ಕಿಟಕಿ

ಧಡ್!

ಹಿಂದಿನಿಂದ ಬೊಲೆರೋ ಗುದ್ದಿದ ರಭಸಕ್ಕೆ ನನ್ನ ಸ್ಕೂಟರ್ ರಸ್ತೆಯ ಮೇಲೆ ಹಾವಿನಂತೆ ಹೊರಳಾಡಿತು.

ಬಡವನಹಳ್ಳಿ ದಾಟಿ ಎರಡು ಕಿಲೋಮೀಟರ್. ಮಟಮಟ ಮಧ್ಯಾಹ್ನ. ಎರಡೂ ಕಡೆ ಕಿತ್ತು ಮುಗಿದ ಕಡಲೆಕಾಯಿ ಹೊಲ. ಕೂಗಿದರೆ ಕೇಳಲು ಒಂದು ಕುರಿಯೂ ಇರಲಿಲ್ಲ!

ಕನ್ನಡಿಯಲ್ಲಿ ನೋಡಿದೆ. ಸ್ಟೀರಿಂಗ್ ಹಿಂದೆ ಬಸವೇಶ್. ನಿನ್ನೆ ಬೆಳಿಗ್ಗೆ ತಾನೇ ಮಧುಗಿರಿಯ ಮನೆಯಲ್ಲಿ ನನಗೆ ಕಾಫಿ ಕೊಟ್ಟಿದ್ದ ಮನುಷ್ಯ.

ಇವತ್ತು ಕೊಲ್ಲಲು ಬಂದಿದ್ದ.

"ಲೇ ಫೋಟೋದವ್ಳೇ! ಗಾಡಿ ನಿಲ್ಸು! ಕ್ಯಾಮೆರಾ ಕೊಟ್ಬುಡು, ಸುಮ್ಕೆ ಹೊಂಟೋಗ್ತೀನಿ!"

"ಬಂದು ಇಸ್ಕೊ!"

ಎರಡನೇ ಸಲ ಗುದ್ದಿದ. ಬಲಗಡೆ ಒಂದು ಬಂಡಿಜಾಡು ಕಂಡಿತು. ಅತ್ತಿತ್ತ ಕತ್ತಾಳೆ ಬೇಲಿ. ಹ್ಯಾಂಡಲ್ ತಿರುಗಿಸಿ ನುಗ್ಗಿಸಿದೆ. ಮೊಣಕೈ ಚರ್ಮ ಕತ್ತಾಳೆಯ ಪಾಲಾಯಿತು. ಬೊಲೆರೋ ನಾಲ್ಕು ಮಾರು ಬಂದು ಹಳ್ಳದ ಮರಳಲ್ಲಿ ಹೂತುಕೊಂಡಿತು. ಚಕ್ರ ಗಿರ್ರನೆ ತಿರುಗುತ್ತಿತ್ತು...

ಬದುಕಿದೆ ಅಂದುಕೊಂಡೆ.

ಆಮೇಲೆ ತಿರುಗಿ ನೋಡಿದೆ. ಗಾಡಿ ರಿವರ್ಸ್ ತೆಗೆದುಕೊಂಡು ಮೇಲೆ ಹತ್ತಿತು. ನನ್ನ ಕಡೆ ಬರಲಿಲ್ಲ. ಮಧುಗಿರಿಯ ಕಡೆ ತಿರುಗಿ ಹಾರಿತು.

ನನ್ನನ್ನು ಬಿಟ್ಟು ಅವನು ಯಾರನ್ನು ಮುಗಿಸಲು ಹೋದ ಎಂದು ನನಗೆ ಗೊತ್ತಿತ್ತು!

ತಡೆಯಿರಿ. ಮೊದಲಿನಿಂದ ಹೇಳುತ್ತೇನೆ.

ನಾನು ವನಜಾಕ್ಷಿ. ಶಿರಾದಲ್ಲಿ ಅಪ್ಪನ ಕಾಲದ ಫೋಟೋ ಸ್ಟುಡಿಯೋ. ಅಪ್ಪನ ಕಣ್ಣು ಮಂಜಾದ ಮೇಲೆ ಹನ್ನೊಂದು ವರ್ಷ ಪೊಲೀಸರಿಗೆ ಹೆಣಗಳ ಫೋಟೋ ತೆಗೆದೆ. ಬಾವಿಗೆ ಬಿದ್ದವರು, ಲಾರಿಗೆ ಸಿಕ್ಕವರು, ನೇಣಿಗೆ ಕೊರಳೊಡ್ಡಿದವರು. ಒಂದು ದಿನ ಸಾಕು ಎನಿಸಿತು. ಮನೆಗಳ ಫೋಟೋ ತೆಗೆಯಲು ಶುರು ಮಾಡಿದೆ. ಮಾರಾಟಕ್ಕಿಟ್ಟ ಮನೆಗಳು. ಮನೆಗಳು ನಾರುವುದಿಲ್ಲ ಎಂದುಕೊಂಡಿದ್ದೆ.

ಈ ಕೆಲಸದಲ್ಲಿ ಒಂದು ಸತ್ಯ ಬೇಗ ತಿಳಿಯುತ್ತದೆ. ಮನೆಯನ್ನು ಯಾರೂ ಮೊದಲು ಕಾಲಿಂದ ನೋಡುವುದಿಲ್ಲ, ಮೊಬೈಲಿನಲ್ಲಿ ಹೆಬ್ಬೆರಳಿಂದ ನೋಡುತ್ತಾರೆ. ಫೋಟೋ ಕತ್ತಲಾಗಿದ್ದರೆ ಹೆಬ್ಬೆರಳು ಮುಂದಕ್ಕೆ ಜಾರುತ್ತದೆ. ಮನೆ ಸತ್ತ ಹಾಗೆ.

ಮಧುಗಿರಿಯ ಬ್ರೋಕರ್ ಭೀಮರಾಜು ಫೋನ್ ಮಾಡಿದ್ದು ಅದಕ್ಕೇ.

"ವನಜಕ್ಕ, ಒಂದು ಒಳ್ಳೆ ಮನೆ ಐತೆ. ಮೂರು ತಿಂಗ್ಳಾತು, ಒಂದು ನರಪಿಳ್ಳೆ ಬಂದು ನೋಡ್ಲಿಲ್ಲ. ಆ ಬಸವೇಶ ಮೊಬೈಲ್ನಾಗೆ ತೆಗ್ದವ್ನೆ. ಹಾಲ್ ನೋಡಿದ್ರೆ ಗುಹೆ ಇದ್ದಂಗೈತೆ! ಈಗ ಲೋಹಿತಾ ಅಂತ ಒಬ್ರು ಡಾಕ್ಟ್ರು ಕೇಳವ್ರೆ. ನೆಟ್ಟಗಿರೋ ಫೋಟೋ ಕಳ್ಸಿ, ಇಲ್ದಿದ್ರೆ ಬ್ಯಾಡ ಅಂದವ್ರೆ."

"ಮನೆ ಯಾರದು?"

"ಬಸವೇಶನ ಅಕ್ಕಂದು. ಸರ್ವಮಂಗಳಾ ಅಂತ, ರಿಟೈರ್ಡ್ ಟೀಚರ್ರು. ಮದ್ವೆ ಇಲ್ಲ, ಮಕ್ಳಿಲ್ಲ. ಪಾವಗಡದಾಗೆ ನೆಂಟರ ಮನೇಲವ್ರಂತೆ. ರಿಜಿಸ್ಟ್ರಿ ದಿನ ಬತ್ತಾರೆ."

ಬುಧವಾರ ಬೆಳಿಗ್ಗೆ ಏಳಕ್ಕೇ ಹೋದೆ. ಕಲ್ಲು ಕಟ್ಟಡ, ಎತ್ತರದ ಸೂರು. ತಾರಸಿಗೆ ಹೋದರೆ ಬೆಟ್ಟ ಮುಖಕ್ಕೆ ಮುಖ ಕೊಟ್ಟು ನಿಂತಿತ್ತು. ಬಸವೇಶ್ ಬಾಗಿಲಲ್ಲೇ ನಿಂತಿದ್ದ. ನಲವತ್ತೈದರ ಆಸುಪಾಸು. ನಗುತ್ತಿದ್ದ, ಆದರೆ ಕಣ್ಣು ನನ್ನ ಲೆನ್ಸ್ ಹೋದ ಕಡೆಯೆಲ್ಲ ಹೋಗುತ್ತಿತ್ತು.

ನನಗೊಂದು ಚಾಳಿ. ಯಾವ ಮನೆಗೆ ಹೋದರೂ ಮೊದಲು ಕಿಟಕಿ ಎಣಿಸುತ್ತೇನೆ. ಬೆಳಕು ಬರುವುದು ಅಲ್ಲಿಂದ ತಾನೇ?

ಪೂರ್ವದ ಗೋಡೆಗೆ ಹೊರಗಿನಿಂದ ಐದು ಕಿಟಕಿ. ಒಳಗಿನಿಂದ ನಾಲ್ಕು!

"ಐದನೇದು ಎಲ್ಲಿ ಸಾರ್?"

"ಅದಾ... ಹಳೇ ಸ್ಟೋರ್ ರೂಮು. ಬಾಗ್ಲಿಗೆ ಇಟ್ಟಿಗೆ ಕಟ್ಟಿ ಮುಚ್ಬುಟ್ಟಿದೀವಿ. ಹೆಗ್ಗಣದ ಕಾಟ."

ಆ ಗೋಡೆಗೆ ಒಂದು ಭಾರಿ ಮರದ ಬೀರು ಒರಗಿತ್ತು. "ಇದನ್ನ ಸ್ವಲ್ಪ ಸರಿಸಿದರೆ ಪಡಸಾಲೆ ಅಗಲ ಕಾಣುತ್ತೆ" ಅಂದೆ.

"ಮುಟ್ಬ್ಯಾಡಮ್ಮ!"

ದನಿ ಗುಂಡಿನ ಹಾಗೆ ಬಂತು. ತಕ್ಷಣ ನಕ್ಕ. "ಗೆದ್ಲು ಹಿಡ್ದೈತೆ... ಬಿದ್ಬುಟ್ಟಾತು."

ಹನ್ನೊಂದು ವರ್ಷ ಹೆಣ ನೋಡಿದವಳಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾನು ಬೆಳಕಿನ ಯೋಚನೆಯಲ್ಲಿದ್ದೆ.

ಹೊರಗಿನಿಂದ ಪೂರ್ವದ ಗೋಡೆಯ ಫೋಟೋ ಎರಡು ಸಲ ತೆಗೆದೆ. ಮೊದಲನೆಯದಕ್ಕೆ ಪಕ್ಕದ ಮನೆಯ ನೆರಳು ಅಡ್ಡ ಬಂದಿತ್ತು. ಇಪ್ಪತ್ತು ನಿಮಿಷ ಕಾದು, ಬಿಸಿಲು ಬಿದ್ದ ಮೇಲೆ ಇನ್ನೊಂದು. ಐದನೇ ಕಿಟಕಿಯ ಗಾಜಿಗೆ ಒಳಗಿನಿಂದ ಹಳೇ ಪೇಪರ್ ಅಂಟಿಸಿತ್ತು. ಅಸಹ್ಯವಾಗಿ ಕಾಣುತ್ತಿತ್ತು.

ಅದಕ್ಕೆ ಸಂಜೆ ಶಿರಾದಲ್ಲಿ ಕಂಪ್ಯೂಟರ್ ಮುಂದೆ ಕೂತು ಏನು ಮಾಡಿದೆ ಗೊತ್ತಾ?

ಅಳಿಸಿಬಿಟ್ಟೆ!

ಆ ಕಿಟಕಿಯನ್ನೇ ತೆಗೆದು ಮೇಲೆ ಗೋಡೆಯ ಬಣ್ಣ ಬಳಿದೆ. ಎರಡು ನಿಮಿಷದ ಕೆಲಸ. ಫೋಟೋಗಳು ಬೆಣ್ಣೆಯ ಹಾಗಿದ್ದವು. ಕಳಿಸಿದೆ. ಮನೆ ರಾತ್ರಿ ಕಳೆಯುವುದರೊಳಗೆ ವ್ಯಾಪಾರವಾಯಿತು.

ಬೆಳಿಗ್ಗೆ ಲೋಹಿತಾ ಅವರೇ ಫೋನ್ ಮಾಡಿದರು. "ಫೋಟೋ ಎಷ್ಟು ಚೆನ್ನಾಗಿದೆ ರೀ! ನಾಳೇನೇ ರಿಜಿಸ್ಟ್ರೇಷನ್. ಅವರಕ್ಕನಿಗೆ ಹುಷಾರಿಲ್ವಂತೆ, ಕಾರಲ್ಲಿ ಕರ್ಕೊಂಡು ಬಂದು ಹೆಬ್ಬೆಟ್ಟು ಹಾಕಿಸ್ತಾರಂತೆ."

ಸಹಿ ಬಿಟ್ಟು ಹೆಬ್ಬೆಟ್ಟು? ಟೀಚರ್ ಅಲ್ಲವೇ ಆಕೆ?

ಮುಳ್ಳು ಚುಚ್ಚಿದ ಹಾಗಾಯಿತು. ಮೂಲ ಫೋಟೋಗಳನ್ನು ತೆರೆದೆ. ಪೂರ್ವದ ಗೋಡೆಯ ಎರಡನ್ನೂ ಅಕ್ಕಪಕ್ಕ ಇಟ್ಟೆ. ಐದನೇ ಕಿಟಕಿಯನ್ನು ದೊಡ್ಡದು ಮಾಡಿದೆ.

ಮೊದಲನೆಯದರಲ್ಲಿ ಪೇಪರ್ ಪೂರ್ತಿ ಇತ್ತು.

ಎರಡನೆಯದರಲ್ಲಿ ಕೆಳಮೂಲೆಯ ಒಂದು ಪಟ್ಟಿ ಹರಿದಿತ್ತು. ಅಲ್ಲಿ ಗಾಜಿನ ಹಿಂದೆ... ಮೂರು ಬೆರಳು!

ಇಟ್ಟಿಗೆ ಕಟ್ಟಿ ಮುಚ್ಚಿದ ಕೋಣೆ. ಹೆಗ್ಗಣಕ್ಕೆ ಬೆರಳಿರುವುದಿಲ್ಲ.

ನಾನು ಕಾದ ಆ ಇಪ್ಪತ್ತು ನಿಮಿಷದಲ್ಲಿ ಒಂದು ಜೀವ ನನ್ನನ್ನು ಕರೆಯುತ್ತಿತ್ತು. ನಾನು ಅದರ ಮೇಲೆ ಬಣ್ಣ ಬಳಿದಿದ್ದೆ.

ಮೊದಲು ಜಯರಾಮಯ್ಯನವರಿಗೆ ಫೋನ್ ಮಾಡಿದೆ. ರಿಟೈರ್ಡ್ ಹೆಡ್ ಕಾನ್ಸ್‌ಟೇಬಲ್, ಕೊರಟಗೆರೆಯವರು. ಎಷ್ಟೋ ಹೆಣಗಳ ಪಕ್ಕ ಟೇಪು ಹಿಡಿದು ನನಗೆ ಅಳತೆ ಹೇಳಿದ ಮನುಷ್ಯ.

"ಫೋಟೋ ನಂಗೆ ಕಳ್ಸು," ಅಂದರು. "ನಾನು ಮಧುಗಿರಿಗೆ ಬತ್ತೀನಿ, ಠಾಣೇಲಿ ಮಾತಾಡಿ ಜನ ಕರ್ಕೊಂಡೇ ಬತ್ತೀನಿ. ನೀನು ಒಬ್ಳೇ ಒಳೀಕೆ ಹೋಗ್ಬ್ಯಾಡ ಕಣಮ್ಮ."

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಭೀಮರಾಜುಗೂ ಹೇಳಿದೆ! ಆ ಮನೆಯಿಂದ ಎರಡು ಬೀದಿ ಆಚೆ ಇರುವವನು, ನಾನು ಬರುವವರೆಗೆ ಸ್ವಲ್ಪ ಕಣ್ಣಿಟ್ಟಿರಲಿ ಎಂದು. ಆ ಪುಣ್ಯಾತ್ಮ ಕಮಿಷನ್ ಕೈತಪ್ಪುವ ಭಯಕ್ಕೆ ನೇರವಾಗಿ ಬಸವೇಶನನ್ನೇ ಕೇಳಿದ. "ಏನಪ್ಪಾ ಇದು, ಫೋಟೋದಾಕೆ ಹಿಂಗಂತಾವ್ಳೆ?"

ಅಷ್ಟರಲ್ಲಿ ನಾನು ಕ್ಯಾಮೆರಾ, ಟ್ರೈಪಾಡ್ ಸ್ಕೂಟರಿಗೆ ಹಾಕಿಕೊಂಡು ಮಧುಗಿರಿಗೆ ಹೊರಟಿದ್ದೆ. ಮುಂದಿನದು ನಿಮಗೆ ಗೊತ್ತು. ಬಡವನಹಳ್ಳಿ. ಬೊಲೆರೋ. ಕತ್ತಾಳೆ.

ಮಧುಗಿರಿಯ ಆ ಬೀದಿಗೆ ನುಗ್ಗಿದಾಗ ಬೊಲೆರೋ ಗೇಟಿನ ಮುಂದೆ ನಿಂತಿತ್ತು. ಇಂಜಿನ್ ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು. ಜಯರಾಮಯ್ಯನವರ ಸುಳಿವಿಲ್ಲ.

ಎದುರು ಮನೆಯ ಅಂಗಳದಲ್ಲಿ ಒಬ್ಬ ಮುದುಕಿ ಹಾರೆ ಹಿಡಿದು ಗುಣಿ ತೋಡುತ್ತಿದ್ದಳು. ಓಬಳಮ್ಮ. ಹಿಂದೆ ಟೀಚರ್ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ಹೆಸರು ಆಮೇಲೆ ತಿಳಿಯಿತು.

"ಅಜ್ಜಿ, ಟೀಚರಮ್ಮ ಎಲ್ಲಿ?"

"ಪಾವಗಡದಾಗೆ ಅವ್ರಂತೆ. ನನ್ನ ಕೆಲ್ಸ ಬುಡಿಸ್ಬುಟ್ಟ ಆವಯ್ಯ. ಮೂರು ತಿಂಗ್ಳಾತು."

"ಇಲ್ಲ ಅಜ್ಜಿ. ಈ ಮನೆ ಒಳಗೇ ಇದ್ದಾರೆ. ಕೂಡಿ ಹಾಕಿದ್ದಾನೆ."

ಮುದುಕಿ ನನ್ನ ಮುಖ ನೋಡಿದಳು. ರಕ್ತ ಸುರಿಯುತ್ತಿದ್ದ ಮೊಣಕೈ ನೋಡಿದಳು.

"ಅಯ್ಯೋ ದೇವುಡಾ..." ಅಂದವಳು ಹಾರೆಯನ್ನು ಹೆಗಲಿಗೇರಿಸಿದಳು. "ನಡಿ!"

ಮುಂಬಾಗಿಲಿಗೆ ಚಿಲಕ. ಹಾರೆಯ ಮೂರೇ ಏಟು. ಬಾಗಿಲು ಕಿತ್ತು ಬಂತು!

ಬೀರು ಪಕ್ಕಕ್ಕೆ ಸರಿದಿತ್ತು. ಅದರ ಹಿಂದೆ ಇಟ್ಟಿಗೆ ಇರಲಿಲ್ಲ, ಬಾಗಿಲಿತ್ತು. ಒಳಗಿನಿಂದ ಬಂದ ವಾಸನೆ ನನಗೆ ಹಳೇ ಪರಿಚಯ. ಗಾಯ ಕೊಳೆತ ವಾಸನೆ.

ಕಬ್ಬಿಣದ ಮಂಚ. ಮೇಲೆ ಮೂಳೆಯಾಗಿ ಉಳಿದ ಒಂದು ಹೆಂಗಸು. ಬಾಯಿಗೆ ಬಟ್ಟೆ. ಬಲಗೈ ಮಂಚಕ್ಕೆ ಬಿಗಿದಿತ್ತು. ಬಸವೇಶ್ ಅವಳ ಮೇಲೆ ಬಗ್ಗಿ ಮುಖದ ಮೇಲೆ ದಿಂಬು ಒತ್ತುತ್ತಿದ್ದ. ಅವಳ ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು...

ನನ್ನ ಬಳಿ ಇದ್ದದ್ದು ಟ್ರೈಪಾಡ್. ಎರಡೂ ಕೈಯಲ್ಲಿ ಹಿಡಿದು ಅವನ ಕಿವಿಯ ಮೇಲೆ ಬೀಸಿದೆ.

ಬಿದ್ದ. ಬಿದ್ದವನು ನನ್ನ ಕಾಲು ಹಿಡಿದು ಎಳೆದ. ತಲೆ ನೆಲಕ್ಕೆ ಬಡಿಯಿತು. ಕಣ್ಣು ಬಿಟ್ಟಾಗ ಎರಡೂ ಹೆಬ್ಬೆರಳು ನನ್ನ ಗಂಟಲ ಮೇಲಿದ್ದವು.

"ಒಂದಿನ... ಇನ್ನೊಂದೇ ದಿನ ಸುಮ್ಕಿದ್ದಿದ್ರೆ ಆಗ್ತಿತ್ತಲ್ಲೇ!"

ಉಸಿರು ನಿಂತಿತು. ಸೂರು ಕಪ್ಪಾಗುತ್ತಾ ಬಂತು.

ಫಟ್!

ಹಾರೆ ಅವನ ಬಲ ಮುಂಗೈ ಮೇಲೆ ಇಳಿದಿತ್ತು. ಅವನು ಊಳಿಟ್ಟ. ಓಬಳಮ್ಮ ಮತ್ತೆ ಎತ್ತಿದಳು.

"ಅಜ್ಜಿ, ಸಾಕು!"

"ಯಾಕೆ ಸಾಕು?" ಅಂದಳು. ಇನ್ನೊಂದು ಇಳಿಸಿದಳು. ಮೊಣಕಾಲಿಗೆ.

ಪೊಲೀಸ್ ಜೀಪ್ ಬಂದಾಗ ಅವನು ಎಲ್ಲಿಗೂ ಓಡುವ ಸ್ಥಿತಿಯಲ್ಲಿರಲಿಲ್ಲ. ಜಯರಾಮಯ್ಯ ಕೋಣೆಯೊಳಗೆ ಬಂದು ಮೂಗಿಗೆ ಟವೆಲ್ ಹಿಡಿದರು. ನಾನು ಆಕೆಯ ಬಾಯಿಂದ ಬಟ್ಟೆ ತೆಗೆಯುತ್ತಿದ್ದೆ.

"ಜೀವ ಐತಾ?" ಅಂದರು.

"ಇದೆ ಸಾರ್."

"ಪಂಚನಾಮೆಗೆ ಫೋಟೋ ಬೇಕು ಕಣಮ್ಮ. ನೀನೇ ತೆಗಿ."

ತೆಗೆದೆ. ಮೊದಲ ಮೂರು ಫೋಟೋ ಮಸುಕಾದವು. ಹೆಣಗಳ ಮುಂದೆ ಒಮ್ಮೆಯೂ ಹಾಗಾಗಿರಲಿಲ್ಲ.

ಸರ್ವಮಂಗಳಾ ಉಳಿದರು. ಬಲಗೈ ಉಳಿಯಲಿಲ್ಲ. ಹಗ್ಗ ಬಿಗಿದ ಕಡೆ ಕೊಳೆತು ಮೇಲಕ್ಕೆ ಹತ್ತಿತ್ತು, ಮೊಣಕೈವರೆಗೆ ತೆಗೆದರು. ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಅಕ್ಷರ ಬರೆದ ಕೈ.

ಆಸ್ಪತ್ರೆಗೆ ಹೋದಾಗ ನನ್ನನ್ನು ಕೂರಿಸಿಕೊಂಡು ಹೇಳಿದರು. ದನಿ ಮೆಲ್ಲಗಿತ್ತು, ತಪ್ಪಿಲ್ಲದ ಕನ್ನಡ.

"ಮನೆ ಮಾರಲ್ಲ ಅಂದೆ. ಅದಕ್ಕೆ ಮಾತ್ರೆ ಕೊಟ್ಟು ಮಲಗಿಸಿದ. ಮೂರು ತಿಂಗಳು ಕೊಳ್ಳೋರು ಯಾರೂ ಬರಲಿಲ್ಲ. ಅದರಿಂದಲೇ ನಾನು ಬದುಕಿದ್ದೆ ವನಜಾಕ್ಷಿ. ರಿಜಿಸ್ಟ್ರಿವರೆಗೆ ನನ್ನ ಹೆಬ್ಬೆರಳು ಬೇಕಿತ್ತು. ಆಮೇಲೆ ಯಾವುದೂ ಬೇಕಿರಲಿಲ್ಲ."

ನಾನು ತಲೆ ತಗ್ಗಿಸಿದೆ.

"ಅವತ್ತು ನಿಮ್ಮ ದನಿ ಕೇಳಿಸಿತು. ಬಿಡಿಸಿಕೊಂಡಿದ್ದ ಎಡಗೈಯಲ್ಲಿ ಪೇಪರ್ ಕಿತ್ತೆ. ಕ್ಯಾಮೆರಾ ನನ್ನ ಕಡೆಗೇ ಇತ್ತು. ಗೆದ್ದೆ ಅಂದುಕೊಂಡೆ. ರಾತ್ರಿ ಅವನು ಖುಷಿಯಾಗಿ ಬಂದು ಮೊಬೈಲ್ ತೋರಿಸಿದ. ನೋಡಕ್ಕ, ಮನೆ ಹೆಂಗೆ ಕಾಣ್ತೈತೆ ಅಂತ." ಅವರು ಎಡಗೈಯಿಂದ ಹೊದಿಕೆ ಎಳೆದುಕೊಂಡರು. "ಆ ಗೋಡೆಯಲ್ಲಿ ನನ್ನ ಕಿಟಕಿಯೇ ಇರಲಿಲ್ಲ."

ಕ್ಷಮಿಸಿ ಅಂದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಎಷ್ಟು ಸಣ್ಣದಾಗಿ ಕೇಳಿಸಿತು ಅಂದರೆ, ನಾನೇ ಎದ್ದು ಹೊರಗೆ ಬಂದುಬಿಟ್ಟೆ.

ಬಸವೇಶ್ ಈಗ ಜೈಲಿನಲ್ಲಿ, ಜಾಮೀನಿಲ್ಲ. ಭೀಮರಾಜು ಕೇಸಿನಲ್ಲಿ ಸಾಕ್ಷಿ. ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ಲೋಹಿತಾ ಅವರು ಮನೆ ಬೇಡ ಅಂದರು. ಯಾರು ಬೇಕು ಅಂದಾರು?

ಎರಡು ತಿಂಗಳ ಮೇಲೆ ಸರ್ವಮಂಗಳಾ ಅವರಿಂದಲೇ ಫೋನ್ ಬಂತು. ಓಬಳಮ್ಮನ ಜೊತೆ ಬೇರೆ ಬಾಡಿಗೆ ಮನೆಯಲ್ಲಿದ್ದರು.

"ಮನೆ ಮಾರ್ತೀನಿ. ಈಗ ನನ್ನ ಇಷ್ಟದಿಂದ. ನೀವೇ ಫೋಟೋ ತೆಗೀಬೇಕು."

"ನಾನಾ ಟೀಚರ್?"

"ನೀವೇ. ಆದರೆ ಒಂದು ಷರತ್ತು. ಏನೂ ಅಳಿಸಬಾರದು."

ಅಳಿಸಲಿಲ್ಲ. ಎರಡು ದಿನ ತೆಗೆದೆ. ಬೆಳಕು ಕಾದು ಕಾದು ತೆಗೆದೆ. ಪಡಸಾಲೆ, ತಾರಸಿ, ಬೆಟ್ಟ. ಮುರಿದ ಮುಂಬಾಗಿಲು. ಆ ಕೋಣೆ, ಆ ಮಂಚದ ಕಾಲು ಉಜ್ಜಿದ ಗುರುತು, ಗೋಡೆಗೆ ಉಗುರಿನಿಂದ ಗೀರಿದ ದಿನಗಳ ಲೆಕ್ಕ. ಎಲ್ಲವೂ ಕನ್ನಡಿಯ ಹಾಗೆ ಸ್ಪಷ್ಟ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡಿಲ್ಲ.

ಇವತ್ತಿಗೆ ಏಳು ತಿಂಗಳು. ಸಾವಿರಾರು ಜನ ನೋಡಿದ್ದಾರೆ. ಕೊಳ್ಳಲು ಒಬ್ಬರೂ ಬಂದಿಲ್ಲ, ಮನೆ ಹಾಗೇ ಇದೆ.

ಫೋಟೋಗಳು ತುಂಬಾ ಚೆನ್ನಾಗಿವೆ... ಅದೇ ತೊಂದರೆ!