ಎರಡು ಉಂಗುರಗಳ ನಡುವೆ

ತಮ್ಮ ಸತ್ತ ದುಃಖವನ್ನು ಅಂದಾನೆಪ್ಪ ಹೇಗೋ ನುಂಗಿಕೊಂಡಿದ್ದ. ಜನ ಆಡಿದ ಮಾತನ್ನು ಮಾತ್ರ ನುಂಗಲಾಗಲಿಲ್ಲ. ಸಂಶಿಯ ಹೊರಗಿನ ಹತ್ತಿಕಾಳಿನ ಎಣ್ಣೆ ಗಿರಣಿಯಲ್ಲಿ ಅವನು ಫಿಟ್ಟರ್, ತಮ್ಮ ಕಿರಣಕುಮಾರ ಪಂಪು ನೋಡಿಕೊಳ್ಳುವವನು. ಯುಗಾದಿಗೆ ಮುಂಚೆ ಆ ಪಂಪಿನ ಸೀಲು ಒಡೆದು ಕಾದ ಎಣ್ಣೆ ಸಿಡಿಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರೂ ಹುಡುಗ ಉಳಿಯಲಿಲ್ಲ. ಮ್ಯಾನೇಜರ್ ಸಿದ್ಧಲಿಂಗ ಒಂದೇ ಮಾತಿನಲ್ಲಿ ಕೈತೊಳೆದುಕೊಂಡ: ಕಿರಣ ತೂಕಡಿಸಿದ, ಪಂಪು ಒಣಗಿ ಓಡಿತು, ಸೀಲು ಹೋಯಿತು. ಸತ್ತವನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ? ಅಲ್ಲಿಂದಾಚೆ ಅವರ ಊರು ಗುಡಗೇರಿಯಲ್ಲಿ ನಳದ ಹತ್ತಿರ ಕಿರಣನ ಹೆಂಡತಿ ಭಾಗ್ಯಾ ಕೊಡ ಇಟ್ಟರೆ ಸಾಕು, ಹೆಂಗಸರ ಗುಸುಗುಸು ಶುರು.

"ಭಾವಾರ, ಅವರು ಖರೇನ ಮಲಗಿದ್ರೇನ್ರಿ?" ಎಂದು ಒಂದು ದಿನ ಅವಳೇ ಕೇಳಿಬಿಟ್ಟಳು.

"ಇಲ್ಲವಾ. ನನ್ನ ತಮ್ಮ ಅಂಥಾಂವ ಅಲ್ಲ," ಎಂದ ಅಂದಾನೆಪ್ಪ. ಹಾಗೆಂದವನೇ ಹಿತ್ತಲಿಗೆ ಹೋಗಿ ಅತ್ತ. ಯಾಕೆಂದರೆ ಅವನಿಗೂ ಗೊತ್ತಿರಲಿಲ್ಲ. ಕೂಸು ಹುಟ್ಟಿದಾಗಿನಿಂದ ಕಿರಣ ನಿದ್ದೆಗೆಟ್ಟು ಪಾಳಿಗೆ ಬರುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ. ಒಡೆದ ಸೀಲು ಮ್ಯಾನೇಜರನ ಕಪಾಟಿನಲ್ಲಿತ್ತು. ಫಿಟ್ಟರನಾದವನು ಅದನ್ನು ಕೈಗೆತ್ತಿಕೊಂಡರೆ ನಿಜ ತಿಳಿಯುತ್ತಿತ್ತು. ನಿಜ ಎಂಥದಿದ್ದೀತೋ ಎಂಬ ಹೆದರಿಕೆಗೇ ಅವನು ಒಮ್ಮೆಯೂ ಕೇಳಲಿಲ್ಲ.

ಅದರ ಬದಲು ಬೇರೆ ದಾರಿ ಹುಡುಕಿದ. ಎಚ್ಚರವಿದ್ದವನ ಕೈಯಲ್ಲೂ ಸೀಲು ಹೋಗುತ್ತದೆ ಎಂದು ನಾಲ್ಕು ಜನರ ಮುಂದೆ ತೋರಿಸಿದರೆ? ಅದೂ ಸಿದ್ಧಲಿಂಗನ ಕೈಯಲ್ಲೇ?

ಸೀಲಿನ ಮರ್ಮ ಅವನಿಗೆ ಅಂಗೈಗೆರೆಯಷ್ಟು ಪರಿಚಿತ. ಪಂಪಿನ ಶಾಫ್ಟಿನ ಜೊತೆ ಸುತ್ತುವುದು ಒಂದು ಉಂಗುರ, ಅದಕ್ಕೆ ಮುಖ ಕೊಟ್ಟು ಅಲುಗದೆ ಕೂರುವುದು ಇನ್ನೊಂದು. ಎರಡನ್ನೂ ಕನ್ನಡಿಯಂತೆ ಉಜ್ಜಿ ನುಣುಪು ಮಾಡಿರುತ್ತಾರೆ, ಸ್ಪ್ರಿಂಗು ಒಂದನ್ನು ಇನ್ನೊಂದಕ್ಕೆ ಒತ್ತಿ ಹಿಡಿದಿರುತ್ತದೆ. ಒಳಗಿನ ಎಣ್ಣೆ ಹೊರಗೆ ಬರುವುದಿಲ್ಲ. ಆದರೂ ಆ ಎರಡು ಮುಖಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆ ಇರಲೇಬೇಕು, ಅದೇ ಅವುಗಳನ್ನು ಕಾಯುವುದು. ಆ ಎಣ್ಣೆಯನ್ನು ತರುವುದಕ್ಕೆಂದೇ ಬಾಜೂಕ್ಕೆ ಒಂದು ಸಣ್ಣ ಪೈಪು, ಪೈಪಿಗೊಂದು ವಾಲ್ವು. ಹಿಡಿಕೆ ಪೈಪಿನ ಉದ್ದಕ್ಕೆ ಮಲಗಿದ್ದರೆ ತೆರೆದಿದೆ ಎಂದರ್ಥ, ಅಡ್ಡ ನಿಂತರೆ ಮುಚ್ಚಿದೆ. ಖಾಲಿ ಪಂಪಿನಲ್ಲಿ ಅದೊಂದು ಮುಚ್ಚಿಕೊಂಡಿದ್ದರೆ ಸೀಲು ಒಣಗಿ ಓಡಿ, ನೋಡನೋಡುತ್ತ ಸುಟ್ಟುಹೋಗುತ್ತದೆ.

ದಿನವನ್ನೂ ಗಿರಣಿಯ ಪದ್ಧತಿಯೇ ಗೊತ್ತುಮಾಡಿಕೊಟ್ಟಿತು. ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಯಂತ್ರಗಳನ್ನೆಲ್ಲ ಖಾಲಿ ಮಾಡಿ ತೊಳೆಯುತ್ತಾರೆ. ಪೂಜೆಯಾದ ಮೇಲೆ ಯಾರೂ ಮುಟ್ಟುವಂತಿಲ್ಲ. ಮರುದಿನ, ದಸರೆಯ ಬೆಳಿಗ್ಗೆ, ಎಲ್ಲರ ಎದುರು ಮೊದಲ ಗುಂಡಿ ಒತ್ತುವವನು ಮ್ಯಾನೇಜರ್. ಎಣ್ಣೆ ಆಗ ತಣ್ಣಗಿರುತ್ತದೆ, ಚೆಲ್ಲಿದರೂ ಯಾರ ಚರ್ಮವೂ ಸುಡುವುದಿಲ್ಲ. ಇದನ್ನು ಅಂದಾನೆಪ್ಪ ಮತ್ತೆ ಮತ್ತೆ ಯೋಚಿಸಿ ಖಾತ್ರಿ ಮಾಡಿಕೊಂಡ. ಇನ್ನೊಬ್ಬ ಭಾಗ್ಯಾಳನ್ನು ಹುಟ್ಟಿಸುವುದು ಅವನಿಗೆ ಬೇಕಿರಲಿಲ್ಲ.

ತೊಳೆಯುವ ಗಡಿಬಿಡಿಯಲ್ಲಿ ಹಿಡಿಕೆಯನ್ನು ಅಡ್ಡ ತಿರುಗಿಸಿದ. ಯಾರೂ ನೋಡಲಿಲ್ಲ. ಆಮೇಲೆ ಪೂಜೆಗೆ ಎಲ್ಲರಂತೆ ಓಡಾಡಿದ, ಎಲ್ಲರಂತೆ ಕೈಮುಗಿದ.

ಮರುದಿನ ಸಿದ್ಧಲಿಂಗ ಹೊಸ ಅಂಗಿ ತೊಟ್ಟು ಬಂದು ಗುಂಡಿ ಒತ್ತಿದ. ಪಂಪು ಮೊದಲು ಗುಂಯ್ ಎಂದಿತು, ಆಮೇಲೆ ಕಿರ್ರೆಂದು ಚೀರಿತು. ಸುಟ್ಟ ವಾಸನೆ ಎದ್ದು, ನೆಲದ ಮೇಲೆ ಎಣ್ಣೆ ಹರಿಯಿತು. ಜನ ಹಿಂದಕ್ಕೆ ಓಡಿದರು, ಅಂದಾನೆಪ್ಪ ಮುಂದಕ್ಕೆ ಓಡಿದ. ಒಂದು ಕೈಯಲ್ಲಿ ಪಂಪು ಬಂದ್ ಮಾಡಿ, ಇನ್ನೊಂದು ಕೈಯಲ್ಲಿ ಹಿಡಿಕೆಯನ್ನು ಪೈಪಿನ ಮೇಲೆ ಮಲಗಿಸಿದ. ಆಮೇಲೆ ತಿರುಗಿ ನಿಂತು, ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಿದ.

"ಸಾಹೇಬ್ರ, ನೀವೂ ತೂಕಡಿಸಿದ್ರೇನ್ರಿ?"

ಸಿದ್ಧಲಿಂಗನ ಮುಖ ಸಣ್ಣದಾಯಿತು. "ಸೀಲ್ ಬಿಚ್ಚು," ಎಂದವನೇ ಆಫೀಸಿಗೆ ಹೋಗಿ, ಕಪಾಟಿನಿಂದ ಅರಿವೆ ಸುತ್ತಿದ ಕಿರಣನ ಸೀಲನ್ನು ತಂದ. ಎರಡನ್ನೂ ಪಕ್ಕಪಕ್ಕ ಇಟ್ಟ. ಇವತ್ತಿನದರ ಮುಖ ಕರ್ರಗೆ ಸುಟ್ಟು ಬಿರುಕು ಬಿಟ್ಟಿತ್ತು. ಕಿರಣನದರ ಮುಖ ಹೊಳೆಯುತ್ತಿತ್ತು. ಉಂಗುರ ಮಾತ್ರ ಎರಡು ಹೋಳಾಗಿತ್ತು, ಒಡೆದ ಜಾಗದಲ್ಲಿ ಎರಕದ ಸಣ್ಣ ಗುಳ್ಳೆ.

"ಒಣಗಿ ಓಡಿದ್ದು ಅಂದ್ರ ಹಿಂಗ ಸುಡತೈತಿ," ಎಂದ ಸಿದ್ಧಲಿಂಗ ನಿಧಾನಕ್ಕೆ. "ಕಿರಣಂದು ಸುಟ್ಟೇ ಇಲ್ಲೋ ಅಂದಾನೆಪ್ಪಾ. ಮಾಲಿನಾಗ ಖೋಟ ಇತ್ತು. ಅಂವ ಎಚ್ಚರ ಇದ್ದ. ನಾನ ನೋಡಲಾರದ ಬಾಯಿಗೆ ಬಂದಂಗ ಮಾತಾಡಿದೆ. ಇವತ್ತ ಭಾಗ್ಯಾನ ಮುಂದ ಬಂದು ತಪ್ಪಾತು ಅಂತೀನಿ."

ಅಂದಾನೆಪ್ಪ ಎಣ್ಣೆಯ ನೆಲದ ಮೇಲೆಯೇ ಕುಸಿದು ಕೂತ. ತಮ್ಮ ನಿರ್ದೋಷಿ. ಆ ಸಾಕ್ಷಿ ಇಷ್ಟು ದಿನವೂ ಕಪಾಟಿನಲ್ಲೇ ಇತ್ತು, ತಮ್ಮನನ್ನು ನಂಬಿ ಒಮ್ಮೆ ಕೇಳಿದ್ದರೆ ಸಾಕಿತ್ತು. ಊರವರು ನಂಬಲಿಲ್ಲವೆಂದು ಇವನಿಗೆ ಸಿಟ್ಟು, ಒಡಹುಟ್ಟಿದ ತಾನೇ ನಂಬಿರಲಿಲ್ಲ. ಅವನು ಬಿಕ್ಕಿ ಬಿಕ್ಕಿ ಅತ್ತ. ಸಿದ್ಧಲಿಂಗ ಅವನ ಬೆನ್ನ ಮೇಲೆ ಕೈಯಿಟ್ಟು, "ಅಳಬ್ಯಾಡ, ಏಳು," ಎಂದ.

ಹಾಗೆಂದು ತಾನೂ ಕಣ್ಣೊರೆಸಿಕೊಂಡು ಪಂಪಿನ ಕಡೆ ನಡೆದ. "ಮತ್ತ ಇದು ಯಾಕ ಒಣಗ್ತು? ಪೈಪಿನಾಗ ಕಸಾ ಸಿಕ್ಕಿರಬೇಕು," ಎನ್ನುತ್ತ, ಪೈಪು ಬಿಚ್ಚುವ ಮುಂಚೆ ವಾಲ್ವು ಮುಚ್ಚಲು ಹಿಡಿಕೆಯನ್ನು ಅಡ್ಡ ತಿರುಗಿಸಿದ. ಹಿಡಿಕೆ ಸರಿದ ಜಾಗದಲ್ಲಿ, ಅದು ಮಲಗಿದ್ದಾಗ ಬೆರಳೂ ತೂರದ ಪೈಪಿನ ಮೈಮೇಲೆ, ವಿಭೂತಿಯ ಮೂರು ಗೆರೆ, ನಡುವೆ ಕುಂಕುಮದ ಬೊಟ್ಟು. ಪೂಜೆಯ ಹೊತ್ತಿಗೆ ವಾಲ್ವು ಮುಚ್ಚಿರದಿದ್ದರೆ ಅಲ್ಲಿ ವಿಭೂತಿ ಹಚ್ಚಲು ಯಾರಿಂದಲೂ ಆಗುತ್ತಿರಲಿಲ್ಲ. ಆ ಗಿರಣಿಯಲ್ಲಿ ಅವರವರ ಯಂತ್ರಕ್ಕೆ ಅವರವರೇ ವಿಭೂತಿ ಹಚ್ಚುವುದು. ಕಿರಣ ಹೋದ ಮೇಲೆ ಆ ಪಂಪನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ, ಅಂದಾನೆಪ್ಪ ತನ್ನ ಕೈಯಾರೆ ಹಚ್ಚಿದ್ದ.